ಕಾಣೆಯಾದ ಹತ್ತು ನಿಮಿಷ: ದೋರನಹಳ್ಳಿ ಹೊಲದ ಬದುವಿನಿಂದ ಒಂದು ಶಾಸ್ತ್ರೀಯ ಶೋಧ

ಹೆಣ್ಣುಮಕ್ಕಳ ಫುಟ್‌ಬಾಲ್ ಫೈನಲ್ಲಿಗೆ ಎಷ್ಟು ನಿಮಿಷ ಸಾಕು? ಈ ಗಹನ ಪ್ರಶ್ನೆಯನ್ನು ನಮ್ಮ ನೈಯಾಯಿಕರು ಎತ್ತಿಲ್ಲ, ಭರತಮುನಿಯೂ ಮೌನ. ಆ ಕೊರತೆ ತುಂಬುವ ಭಾರ, ಯಾರೂ ಹೊರಿಸದಿದ್ದರೂ, ಪ್ರಸ್ತುತ ಲೇಖಕನ ಹೆಗಲಿಗೇರಿದೆ. ಶೋಧಕ್ಷೇತ್ರ ಯಾದಗಿರಿ–ಶಹಾಪುರ ರಸ್ತೆಯ ದೋರನಹಳ್ಳಿ. ಅಲ್ಲಿ ಹತ್ತಿ ಹೊಲವುಂಟು, ಚಹಾದಂಗಡಿಯುಂಟು; ವಿದ್ವತ್ತಿಗೆ ಇನ್ನೇನು ಬೇಕು?

ಮೊದಲು ಶಬ್ದಪ್ರಮಾಣ, ಅಂದರೆ ದೊಡ್ಡವರು ಹೇಳಿದ್ದು. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕ್‌ನಲ್ಲಿ ಪ್ರೆಸ್ಟನ್ನಿನ ಕಾರ್ಖಾನೆ ಹುಡುಗಿಯರ ‘ಡಿಕ್, ಕರ್ ಲೇಡೀಸ್’ ತಂಡದ ಆಟ ನೋಡಲು 53,000 ಜನ ನೆರೆದರು. ವರ್ಷ ತುಂಬುವುದರೊಳಗೆ, 1921ರ ಡಿಸೆಂಬರ್ 5ರಂದು, ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಈ ಆಟ ಹೆಂಗಸರಿಗೆ ಸಲ್ಲದೆಂದು ತೀರ್ಮಾನಿಸಿ ತನ್ನ ಕ್ಲಬ್ಬುಗಳ ಮೈದಾನದ ಬಾಗಿಲು ಮುಚ್ಚಿಸಿತು. ಇದರಿಂದ ಸಿದ್ಧವಾಗುವ ನಿಯಮ: ನೋಡಲು ಯಾರೂ ಬರದಿದ್ದರೆ ಆಟ ನಿರುಪದ್ರವಿ, 53,000 ಜನ ಬಂದರೆ ಆರೋಗ್ಯಕ್ಕೆ ಹಾನಿ. ಯಾರ ಆರೋಗ್ಯಕ್ಕೆ ಎಂಬ ಅಧಿಕಪ್ರಸಂಗ ಇಲ್ಲಿ ಬೇಡ. ಬಾಗಿಲು ಸುಮಾರು ಅರ್ಧ ಶತಮಾನ ಮುಚ್ಚಿಯೇ ಇತ್ತು.

1991ರಲ್ಲಿ ಚೀನಾದಲ್ಲಿ ಹೆಂಗಸರ ಮೊದಲ ವಿಶ್ವಕೂಟ ನಡೆದಾಗ ಶಾಸ್ತ್ರ ಇನ್ನಷ್ಟು ಸೂಕ್ಷ್ಮವಾಯಿತು. ‘ವಿಶ್ವಕಪ್’ ಎನ್ನಲು ಫಿಫಾಕ್ಕೆ ಸಂಕೋಚ. ಹೀಗಾಗಿ ಕಪ್ಪಿಗೆ ‘ಎಂ ಅಂಡ್ ಎಂಸ್’ ಎಂಬ ಚಾಕೊಲೇಟ್ ಗುಳಿಗೆಯ ಹೆಸರಾಯಿತು. ಪಂದ್ಯಕ್ಕೆ ಕೊಟ್ಟದ್ದು 80 ನಿಮಿಷ, ಗಂಡಸರಿಗಿಂತ ಹತ್ತು ಕಡಿಮೆ. ಗುವಾಂಗ್‌ಝೌ ಫೈನಲ್ಲಿನಲ್ಲಿ ಅಮೆರಿಕದ ಮಿಷೆಲ್ ಏಕರ್ಸ್ ನಾರ್ವೆ ವಿರುದ್ಧ ಗೆಲುವಿನ ಗೋಲು ಹೊಡೆದದ್ದು 78ನೇ ನಿಮಿಷದಲ್ಲಿ. ಶಾಸ್ತ್ರದ ಬಗ್ಗೆ ಆಕೆಗಿದ್ದ ಗೌರವ ಎಂಥದ್ದು ನೋಡಿ! ಮುಂದೆ 1995ರ ಸ್ವೀಡನ್ ಕೂಟದಲ್ಲಿ ಆ ಹತ್ತು ನಿಮಿಷ ಹಿಂತಿರುಗಿಸಿದರು. ಜೊತೆಗೆ ಪ್ರತಿ ತಂಡಕ್ಕೂ ಅರ್ಧಕ್ಕೊಂದರಂತೆ ಎರಡೆರಡು ನಿಮಿಷದ ವಿರಾಮ. ಲೆಕ್ಕ ಹಾಕಿದರೆ ಆಡಲು ಕೊಟ್ಟದ್ದು ಹತ್ತು, ಕೂರಿಸಿದ್ದು ಎಂಟು. ನಮ್ಮೂರ ಬಡ್ಡಿ ಸಾಹುಕಾರರೂ ಇಷ್ಟು ಚಂದ ಕೊಡುವುದಿಲ್ಲ.

ಇನ್ನು ಪ್ರತ್ಯಕ್ಷಪ್ರಮಾಣ. 80 ನಿಮಿಷಕ್ಕೆ ಹೆಂಗಸರು ದಣಿಯುತ್ತಾರೆಂಬ ಸಿದ್ಧಾಂತವನ್ನು ಪರೀಕ್ಷಿಸಲು ದೋರನಹಳ್ಳಿಯ ಬದುವಿನ ಮೇಲೆ ಗಡಿಯಾರ ಹಿಡಿದು ಕುಳಿತೆವು. ಬೆಳಗಿನಿಂದಲೇ ಹೆಂಗಸರು ಹತ್ತಿ ಬಿಡಿಸುತ್ತಿದ್ದರು. ಸೊಂಟದ ಉಡಿ ಅರಳೆ ತುಂಬಿ ಉಬ್ಬಿತ್ತು; ಒಣಗಿದ ಕಾಯಿಯ ಮೊನೆ ತಾಗಿ ಉಗುರಿನ ಬುಡದಲ್ಲಿ ಬಿಳಿ ಗೀರುಗಳು. 80 ನಿಮಿಷ ಕಳೆಯಿತು. ಯಾರೂ ಕುಸಿಯಲಿಲ್ಲ. ಗಡಿಯಾರ ಕೆಟ್ಟಿರಬಹುದೆಂದು ಇನ್ನೊಂದನ್ನು ತರಿಸಿದೆವು. ಅದೂ ಕೆಟ್ಟಿತ್ತು. ಕಡೆಗೆ ಸಾಲಿನ ಕೊನೆಯಲ್ಲಿದ್ದ ಹಿರಿಯಳೊಬ್ಬಳಿಗೆ ಸಿದ್ಧಾಂತ ವಿವರಿಸಿದಾಗ ಬಂದ ಉತ್ತರ: “ಎಂಬತ್ತ ನಿಮಿಷಕ್ಕ ದಣೀತೀವಂತ ಬರ್ಕೋರಿ ಯಪ್ಪಾ. ಹೋಗೂ ಮುಂದ ನಮ್ಮ ಸಾವ್ಕಾರಗೂ ಒಂದ್ ಮಾತ್ ಹೇಳಿ ಹೋಗ್ರಿ.” ಇದನ್ನು ಸಮ್ಮತಿಯೆಂದು ದಾಖಲಿಸಲಾಗಿದೆ.

ಪ್ರಮಾಣಗಳು ಹೀಗೆ ಗಟ್ಟಿಯಾದ ಮೇಲೆ ಇತಿಹಾಸ ತಿದ್ದುವುದೊಂದೇ ಬಾಕಿ. 80ನೇ ನಿಮಿಷದಾಚೆಯ ಗೋಲುಗಳು ಮಾಯೆ. 2022ರ ಅಕ್ಟೋಬರ್ 30ರಂದು ನವಿ ಮುಂಬಯಿಯ 17ರೊಳಗಿನ ಹುಡುಗಿಯರ ವಿಶ್ವಕಪ್ ಫೈನಲ್ಲಿನಲ್ಲಿ ಸ್ಪೇನ್ ಗೆದ್ದದ್ದು 82ನೇ ನಿಮಿಷದಲ್ಲಿ ಕೊಲಂಬಿಯಾ ತನ್ನ ಬಲೆಗೆ ತಾನೇ ಹೊಡೆದುಕೊಂಡ ಗೋಲಿನಿಂದ. ಅದನ್ನು ಅಳಿಸುತ್ತೇವೆ, ಕೊಲಂಬಿಯಾದವರು ಆಕ್ಷೇಪಿಸಲಾರರು. 2023ರ ಮೇ ತಿಂಗಳಲ್ಲಿ ಅಹಮದಾಬಾದಿನ ಇಂಡಿಯನ್ ವಿಮೆನ್ಸ್ ಲೀಗ್ ಫೈನಲ್ಲಿನಲ್ಲಿ ನಮ್ಮ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ ಗೋಕುಲಂ ಕೇರಳಕ್ಕೆ 0–5ರಿಂದ ಸೋತಿತು. ಈ ಒಂದು ಪಂದ್ಯಕ್ಕೆ ಮಾತ್ರ, ಕನ್ನಡಾಭಿಮಾನದ ದೃಷ್ಟಿಯಿಂದ, ಮಿತಿಯನ್ನು ಸೊನ್ನೆ ನಿಮಿಷಕ್ಕೆ ಇಳಿಸಬಹುದು.

ತೊಡಕು ಬಂದದ್ದು ಬೆಂಗಳೂರಿನಲ್ಲೇ. 2020ರ ಫೆಬ್ರವರಿ 14, ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂ, ಅದೇ ಲೀಗಿನ ಫೈನಲ್. ಗೋಕುಲಂ ಎರಡು ಗೋಲು ಮುಂದಿತ್ತು. ಮಣಿಪುರದ ಕ್ರಿಪ್ಸಾ ತಂಡ ಎರಡನ್ನೂ ತೀರಿಸಿ ಸಮ ಮಾಡಿತು. 87ನೇ ನಿಮಿಷಕ್ಕೆ ನೇಪಾಳದ ಸಬಿತ್ರಾ ಭಂಡಾರಿ ಹೊಡೆದ ಗೋಲು ಗೋಕುಲಂಗೆ ಕಪ್ ತಂದಿತು, 3–2. ನಮ್ಮ ಸಿದ್ಧಾಂತದಂತೆ ಈ ಗೋಲು ಆಗಲೇ ಇಲ್ಲ. 80 ನಿಮಿಷಕ್ಕೆ ಪಂದ್ಯ 2–2. ಆದರೆ ಫೈನಲ್ ಸಮವಾದರೆ ಇನ್ನೂ 30 ನಿಮಿಷ ಆಡಿಸಬೇಕು! ಒಟ್ಟು 110. ಹೆಣ್ಣುಮಕ್ಕಳು ದಣಿಯಬಾರದೆಂದು ಹತ್ತು ನಿಮಿಷ ಉಳಿಸಹೋಗಿ ಇಪ್ಪತ್ತು ನಿಮಿಷ ಹೆಚ್ಚು ಓಡಿಸಿದಂತಾಯಿತು.

ಈ ಗಂಟು ಬಿಡಿಸಲು ಚಹಾದಂಗಡಿಯ ಕಟ್ಟೆಯ ಮೇಲೆ ಉಪಸಮಿತಿಯೊಂದು ಕೂತಿದೆ. ಸದಸ್ಯರೆಲ್ಲ ಗಂಡಸರಾದ್ದರಿಂದ ಸಭೆಗೆ ಕಾಲಮಿತಿ ಇಲ್ಲ.