ಉನ್‌ಸಠ್ ಕಿಲೋದ ಜಗಳ

ಕಾಫಿ ಕೊಯ್ಲಿನ ಕಾಲದಲ್ಲಿ ಕಕ್ಕಬೆ ಕಡೆಯ ತೋಟಗಳಿಗೆ ಸಂಜೆ ನಾಲ್ಕೂವರೆ ಮೇಲೆ ಬರಬೇಕು, ಹಣ್ಣು ತೂಗುವ ಹೊತ್ತಿಗೆ. ಮೊನ್ನೆ ನಮ್ಮ ರೈಟರು ತಕ್ಕಡಿಯ ಅಂಕಿ ನೋಡಿ "ಐವತ್ತೊಂಬತ್ತು!" ಎಂದು ಕೂಗಿದರು. ಚೀಲ ಹೊತ್ತು ತಂದಿದ್ದ ಅಸ್ಸಾಮಿನ ಹುಡುಗ ತನ್ನ ತೋಟದ ಹಿಂದಿಯಲ್ಲಿ "ಉನ್‌ಸಠ್" ಎಂದ. ರೈಟರ ಕಿವಿಗೆ ಬಿದ್ದದ್ದು ಬಾಲದ 'ಸಠ್' ಮಾತ್ರ.

"ಸಾಠ್ ಎಲ್ಲಿಂದ ಬಂತು ಮಾರಾಯ? ಐವತ್ತೊಂಬತ್ತು!"

"ಹಾಂ ಸಾಬ್, ಉನ್‌ಸಠ್."

ಒಂದೇ ತೂಕಕ್ಕೆ ಒಪ್ಪಿಕೊಂಡೇ ಇಬ್ಬರೂ ಜಗಳವಾಡುವ ಚೆಂದ ನೋಡಲು ಸಾಲಿನಲ್ಲಿದ್ದವರೆಲ್ಲ ಚೀಲ ಇಳಿಸಿ ನಿಂತರು.

ಕನ್ನಡದವನಿಗೆ ಐವತ್ತು ಗೊತ್ತು, ಒಂಬತ್ತು ಗೊತ್ತು, ಸೇರಿಸಿದರೆ ಮುಗಿಯಿತು. ಹಿಂದಿಯವನು ಅರವತ್ತರ ಬಾಗಿಲು ತಟ್ಟಿ, ಒಂದು ಕಮ್ಮಿ ಎಂದು ಹಿಂದಿರುಗುತ್ತಾನೆ. 29, 39, 49 ಎಲ್ಲಕ್ಕೂ ಇದೇ ಚಾಳಿ. 89ಕ್ಕೆ ಬಂದರೆ ಅದನ್ನೂ ಬಿಟ್ಟು 'ನವಾಸಿ'. ನೂರರವರೆಗೆ ಬಾಯಿಪಾಠವೇ ಗತಿ. ಹಾಗಂತ ನಾವು ಬೀಗುವಂತಿಲ್ಲ. ನಮ್ಮ ಒಂಬತ್ತೂ ಹತ್ತಕ್ಕೆ ಒಂದು ಕಮ್ಮಿ ಎಂದೇ ಹುಟ್ಟಿದ್ದಂತೆ. ಭಾಷಾಶಾಸ್ತ್ರದವರು ಹಾಗೆ ಹೇಳಿ ನಮ್ಮ ಜಂಬ ಇಳಿಸಿಬಿಟ್ಟಿದ್ದಾರೆ.

ಜರ್ಮನಿಯಲ್ಲಿರುವ ತಂಗಿಯ ಮಗನ ಪಾಡು ಇನ್ನೂ ಕಷ್ಟ. ಅಲ್ಲಿ 59 ಅಂದರೆ 'ಒಂಬತ್ತು ಮತ್ತು ಐವತ್ತು'. ಕೇಳಿದ ಕ್ರಮದಲ್ಲೇ ಬರೆದು 95 ಮಾಡಿಡುವ ಮಕ್ಕಳು ಅಲ್ಲಿನವರಲ್ಲೂ ಇದ್ದಾರೆ. ಎರಡೂವರೆ ಗಂಟೆಗೆ 'ಅರ್ಧ ಮೂರು' ಅನ್ನುವ ಊರದು. ಅಲ್ಲಿ ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತದೆ ಎಂಬುದೇ ನನಗೆ ಸೋಜಿಗ.

ಇಷ್ಟೆಲ್ಲ ಆಡಿಕೊಳ್ಳುವ ನಮ್ಮ ಕೊಡಗಿನ ಲೆಕ್ಕ ನೋಡಿ. ಮಾರ್ಚಿನಲ್ಲಿ ಹೂಮಳೆ ಬಿದ್ದ ಮರುದಿನ ಬೆಳಕು ಹರಿಯುವ ಮೊದಲೇ ಫೋನು: "ನಿಮ್ಮಲ್ಲಿ ಎಷ್ಟು?" "ಒಂದು ಇಂಚು ಹತ್ತು ಸೆಂಟು." ಇಂಚಿನ ನೂರನೇ ಪಾಲು ನಮಗೆ ಸೆಂಟು. ಅದನ್ನೇ ಪೇಪರಿನವರು 28 ಮಿಲಿಮೀಟರ್ ಎಂದು ಬರೆದರೆ, ಮಳೆ ಬಂತೋ ಇಬ್ಬನಿ ಬಿತ್ತೋ ಎಂದು ಅನುಮಾನ. ಎಕರೆಯ ನೂರನೇ ಪಾಲೂ ಸೆಂಟೇ. ಗದ್ದೆಯಾದರೆ ಬಟ್ಟಿ ಲೆಕ್ಕ. ನಮ್ಮ ತಲೆಯೊಳಗೆ ಇವು ಒಂದಕ್ಕೊಂದು ತಗಲದೆ ಓಡಾಡಿಕೊಂಡಿವೆ. ಹೊಸಬರಿಗೆ ಹಾಗಲ್ಲ.

ಹೋಂಸ್ಟೇಗೆ ಬಂದಿದ್ದ ಬೆಂಗಳೂರಿನವರೊಬ್ಬರ ಎದುರು ಪಕ್ಕದ ಮನೆಯ ಅಜ್ಜ, "ನಿನ್ನೆ ರಾತ್ರಿ ನಮಗೆ ಎಂಬತ್ತು ಸೆಂಟು ಬಂತು. ನಾಲ್ಕುನಾಡು ಅರಮನೆ ಹತ್ತಿರದವರಿಗೆ ಬರೀ ಇಪ್ಪತ್ತಂತೆ, ಪಾಪ" ಎಂದರು. ಅತಿಥಿ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ದನಿ ತಗ್ಗಿಸಿ ಕೇಳಿದರು: "ಖಾತೆ ಮಾಡಿಸಿಕೊಂಡ್ರಾ ಸಾರ್?"