ಕಣ್ಣಳತೆಯ ದೊಡ್ಡಮ್ಮ

ಅಂತರಘಟ್ಟಮ್ಮನ ಜಾತ್ರೆಗೆ ಬಂದ ಎತ್ತಿನ ಗಾಡಿಗಳ ಧೂಳು ಅಡಗಿ, ಬಿಸಿಲು ಏರಿತೆಂದರೆ ಮಹಿಳಾ ಸಂಘದವರಿಗೆ ಉಪ್ಪಿನಕಾಯಿ ತರಬೇತಿಯ ನೆನಪಾಗುತ್ತದೆ. ಮೊದಲ ಸಾಲಿನ ಕುರ್ಚಿ ದೊಡ್ಡಮ್ಮನದು. ಅವರು ಕಲಿಯಲು ಬರುವುದಿಲ್ಲ. ಕಲಿಸುವವರು ನೆಟ್ಟಗೆ ಕಲಿಸುತ್ತಾರೋ ಇಲ್ಲವೋ ನೋಡಲು ಬರುತ್ತಾರೆ. ಯಾರ ದೊಡ್ಡಮ್ಮ ಎಂದು ಕೇಳಬೇಡಿ. ಕಡೂರಿನಿಂದ ತರೀಕೆರೆವರೆಗೆ ಊರಿಗೊಬ್ಬರಿದ್ದಾರೆ. ಇಬ್ಬರಿರುವ ಊರಲ್ಲಿ ಅವರಿಬ್ಬರಿಗೆ ಮಾತಿರುವುದಿಲ್ಲ.

ತರಬೇತಿ ಮೇಡಂ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ. ಹೆಸರೆತ್ತಿ, ಅದು 1950ರಿಂದ ಇದೇ ಕೆಲಸ ಮಾಡುತ್ತಿದೆ ಎನ್ನುತ್ತಾರೆ. ‘ನಮ್ಮಜ್ಜಿ ಜಾಡಿ ಅದಕ್ಕಿಂತ ಹಳೇದು ಕಣವ್ವಾ’ ಎಂದು ದೊಡ್ಡಮ್ಮ ಎಲೆಅಡಿಕೆ ಮಡಿಸುತ್ತಾರೆ. ಮೇಡಂ ಎದೆಗುಂದದೆ ತಕ್ಕಡಿ ಹೊರತೆಗೆಯುತ್ತಾರೆ. ನೂರು ಗ್ರಾಂ ಮಾವಿನಕಾಯಿಗೆ 15ರಿಂದ 20 ಗ್ರಾಂ ಉಪ್ಪು, ಕಡಿಮೆಯಾದರೆ ಬೂಷ್ಟು. ದೊಡ್ಡಮ್ಮನದು ಒಂದು ಹಿಡಿ. ಎಲ್ಲರ ಒತ್ತಾಯಕ್ಕೆ ಅದನ್ನೂ ತೂಗುತ್ತಾರೆ. ಮೊದಲ ಹಿಡಿ 50 ಗ್ರಾಂ, ಎರಡನೆಯದು 80!

‘ಎರಡೂ ಒಂದೇ ಹಿಡಿ ಅಂದ್ರಲ್ಲ?’

‘ಮೊದಲನೇದು ಹೇಳಿಕೊಡೋಕೆ ಹಿಡಿದಿದ್ದು. ಎರಡನೇದು ನಮ್ಮನೆ ಜಾಡಿಗೆ.’

ಅವರ ಸಾಸಿವೆ, ಮೆಂತ್ಯದ ಲೆಕ್ಕವೂ ಹೀಗೇ. ದೊಡ್ಡಮ್ಮ ಏನನ್ನೂ ಬಚ್ಚಿಡುವುದಿಲ್ಲ, ಒಂದನ್ನು ಮಾತ್ರ ಮರೆಯುತ್ತಾರೆ. ಯಾವುದನ್ನು ಮರೆಯಬೇಕೆಂಬುದು ಅವರಿಗೆ ಚೆನ್ನಾಗಿ ನೆನಪಿರುತ್ತದೆ.

ಜಾಡಿ ಒಣಗಿರಬೇಕು, ಎಣ್ಣೆ ಮೇಲೆ ನಿಂತು ಗಾಳಿ ತಡೆಯಬೇಕು, ಒದ್ದೆ ಚಮಚ ಇಳಿಯಬಾರದು ಎನ್ನುವಲ್ಲಿ ಮೇಡಂಗೂ ದೊಡ್ಡಮ್ಮನಿಗೂ ಜಗಳವಿಲ್ಲ. ಆದರೆ ಜಾಡಿ ಮುಟ್ಟಬಾರದವರ ಪಟ್ಟಿಯೊಂದು ದೊಡ್ಡಮ್ಮನ ಬಳಿ ಹೆಚ್ಚಿಗೆ ಇದೆ. ಅದು ಸೊಸೆಯ ತವರಿನಿಂದ ಶುರುವಾಗುತ್ತದೆ. ಸಾಸ್ ಕೆಡದಿರಲು ಸೋಡಿಯಂ ಬೆಂಜೊಯೇಟ್ ಎಂದು ಮೇಡಂ ಹೇಳಿದರೆ, ‘ಅದ್ಯಾರ ಮನೆ ಹೆಣ್ಣು?’ ಎನ್ನುತ್ತಾರೆ ದೊಡ್ಡಮ್ಮ.

ಅವರು ಧಾರಾಳವಾಗಿ ಕಲಿಸುವುದು ಸಂಡಿಗೆಯೊಂದನ್ನೇ. ಅಜ್ಜಂಪುರದ ಸುತ್ತ ಈರುಳ್ಳಿ ಬೆಳೆ ಹೆಚ್ಚು. ಬೆಲೆ ಬಿದ್ದ ವರ್ಷ ಕೇಳುವವರಿಲ್ಲದೆ ಅದು ಸಂಡಿಗೆಗೆ ಸೇರುತ್ತದೆ. ಅರಳು ನೆನೆಸಿ ಹಿಂಡಿ, ಹೆಚ್ಚಿದ ಈರುಳ್ಳಿ, ರುಬ್ಬಿದ ಹಸಿಮೆಣಸಿನಕಾಯಿ, ಉಪ್ಪು ಬೆರೆಸಿ ‘ಹದ ಬರೋತನಕ ಕಲಸಿ’ ಎನ್ನುತ್ತಾರೆ.

‘ಹದ ಬಂತು ಅಂತ ಹೆಂಗೆ ಗೊತ್ತಾಗುತ್ತೆ?’

‘ಬಂದಾಗ ಗೊತ್ತಾಗುತ್ತೆ.’

‘ಗೊತ್ತಾಗ್ಲಿಲ್ಲ ಅಂದ್ರೆ?’

‘ಬಂದಿಲ್ಲ ಅಂತ.’

ಮೇಡಂ ಇದನ್ನೂ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ, ಪಾಪ. ನನ್ನ ಓಟು ಮಾತ್ರ ಮೇಡಂ ತಕ್ಕಡಿಗೇ. ದೊಡ್ಡಮ್ಮನ ಕೈ ದೊಡ್ಡಮ್ಮನ ಜೊತೆಗೇ ಮನೆಗೆ ಹೋಗಿಬಿಡುತ್ತದೆ. ತಕ್ಕಡಿ ಅಂಗಡಿಯಲ್ಲಿ ಸಿಗುತ್ತದೆ. ಇದನ್ನು ಅವರೆದುರು ಹೇಳುವ ಧೈರ್ಯ ನನಗಿಲ್ಲ. ವರ್ಷಕ್ಕೊಂದು ಬಾಟಲಿ ಅವರ ಮನೆಯಿಂದಲೇ ಬರಬೇಕು.

ಕೊನೆಯ ದಿನ ಪ್ರಮಾಣಪತ್ರ. ‘ಇದ್ನೇನು ನೆಕ್ಕಬೇಕಾ?’ ಎಂದು ಅದನ್ನು ಬೈದ ದೊಡ್ಡಮ್ಮನೇ ಸಂಜೆಗೆ ಲ್ಯಾಮಿನೇಷನ್ ಮಾಡಿಸಿ, ಒಲೆಯ ಎದುರಿನ ಗೋಡೆಗೆ ಹೊಡೆಸಿದ್ದಾರೆ. ಸೊಸೆ ಉಪ್ಪಿನ ಡಬ್ಬಿಗೆ ಕೈ ಹಾಕಿದರೆ ಸಾಕು, ಮಾತಿಲ್ಲದೆ ಗೋಡೆಯತ್ತ ಬೆರಳು. ಸೊಸೆಯೂ ಮಾತಾಡಲಿಲ್ಲ. ಅಜ್ಜಂಪುರದ ಮುಂದಿನ ತರಬೇತಿ ತಂಡಕ್ಕೆ ಹೆಸರು ಬರೆಸಿ, ಬರುವಾಗ ಒಂದು ಮೊಳೆಯನ್ನೂ ಕೊಂಡು ತಂದಿದ್ದಾಳೆ.