ಹಮಾಲಿ ಕೆಲಸಕ್ಕೆ ಕುತ್ತು

ಗಂಡನೆನ್ನುವ ಪ್ರಾಣಿಗೆ ಮನೆಯಲ್ಲಿ ನಾಲ್ಕು ಕಾಸಿನ ಮರ್ಯಾದೆ ಉಳಿಯಬೇಕೆಂದರೆ, ಹೆಂಡತಿಯ ಕೈಲಿ ಎತ್ತಲಾಗದ ಒಂದು ಸಾಮಾನಾದರೂ ಅಲ್ಲಿರಬೇಕು. ಊರಲ್ಲಿದ್ದಾಗ ಗ್ಯಾಸ್ ಸಿಲಿಂಡರ್ ಇತ್ತು. ಒಹಾಯೋಗೆ ಬಂದ ಮೇಲೆ ಗ್ಯಾಸು ಗೋಡೆಯೊಳಗಿನ ಪೈಪಿನಲ್ಲಿ ತಾನೇ ಬಂದುಬಿಡುತ್ತದೆ. ಇಂಥ ಬರಗಾಲದಲ್ಲಿ ನನ್ನ ಮಾನ ಕಾಪಾಡಿದ್ದು ಅವಳ ಹೊಲಿಗೆ ಯಂತ್ರ.

ಇಲ್ಲಿಗೆ ಬಂದು ಅವಳಿಗೆ ಕ್ವಿಲ್ಟಿಂಗ್ ಹುಚ್ಚು ಹತ್ತಿತು. ಕ್ವಿಲ್ಟ್ ಅಂದರೆ ನಮ್ಮ ಧಾರವಾಡದ ಕಡೆಯ ಕೌದಿಯ ಬಳಗವೇ. ನಮ್ಮಲ್ಲಿ ಹಳೇ ಸೀರೆ ಹರಿದು ಕೌದಿ ಮಾಡುತ್ತಾರೆ. ಇಲ್ಲಿ ಅಂಗಡಿಯಿಂದ ಹೊಚ್ಚ ಹೊಸ ಬಟ್ಟೆ ತಂದು, ಚೂರು ಚೂರು ಮಾಡಿ, ಮತ್ತೆ ಜೋಡಿಸಿ ಹೊಲಿಯುತ್ತಾರೆ. ಇದನ್ನು ಒಮ್ಮೆ ಜೋರಾಗಿ ಹೇಳಿದ್ದೆ. ಆಮೇಲೆ ಹೇಳಿಲ್ಲ.

ಅವಳ ಮೊದಲ ಯಂತ್ರ ಕಂಪ್ಯೂಟರ್ ಇದ್ದದ್ದು. ಮುಖಕ್ಕೆ ಟಚ್ ಸ್ಕ್ರೀನು, ಹೊಟ್ಟೆಯಲ್ಲಿ ನೂರಾರು ನಮೂನೆಯ ಹೊಲಿಗೆ. ಬಾತುಕೋಳಿಗಳ ಸಾಲನ್ನೂ ಹೊಲಿಯುತ್ತಿತ್ತು. ಇವಳು ಬಳಸುತ್ತಿದ್ದದ್ದು ಮಾತ್ರ ನೆಟ್ಟಗಿನ ಹೊಲಿಗೆ ಒಂದನ್ನೇ. ತೂಕ ಪೆಟ್ಟಿಗೆ ಸೇರಿ 14 ಕಿಲೋ. ಪ್ರತಿ ಶನಿವಾರ ಅದನ್ನು ಮಹಡಿಯಿಂದ ಇಳಿಸಿ, ಕಾರಿನಲ್ಲಿಟ್ಟು, ಕ್ಲಾಸು ನಡೆಯುವ ಚರ್ಚಿನ ನೆಲಮಾಳಿಗೆಗೆ ಹೊತ್ತು, ಸಂಜೆ ಮತ್ತೆ ಮೇಲೇರಿಸುವುದು ನನ್ನ ಹುದ್ದೆ. ಅಲ್ಲಿನ ಅಜ್ಜಿಯಂದಿರು ನನ್ನನ್ನು ನೋಡಿ ಎಂಥ ಒಳ್ಳೇ ಗಂಡ ಎನ್ನುತ್ತಿದ್ದರು. ನಾನು ಬೆನ್ನು ನೋವನ್ನು ನುಂಗಿ, ಎದೆ ಸೆಟೆಸಿ, ಇದೇನು ಮಹಾ ಎನ್ನುವ ಮುಖ ಮಾಡುತ್ತಿದ್ದೆ. ಅಲ್ಲಿ ಕೊಡುವ ಕುಕಿಯೂ ಚೆನ್ನಾಗಿರುತ್ತಿತ್ತು.

ಆ ಅಜ್ಜಿಯಂದಿರಲ್ಲೊಬ್ಬರು, ಎಂಬತ್ತು ದಾಟಿದವರು, ಒಂದು ದಿನ ಕಪ್ಪು ಪೆಟ್ಟಿಗೆಯೊಂದನ್ನು ಒಂದೇ ಕೈಯಲ್ಲಿ ತೂಗಾಡಿಸಿಕೊಂಡು ಮೆಟ್ಟಿಲಿಳಿದು ಬಂದರು. ಇನ್ನೊಂದು ಕೈಯಲ್ಲಿ ಕಾಫಿ ಲೋಟ. ಪೆಟ್ಟಿಗೆ ತೆರೆದರೆ ಒಳಗೆ ಪುಟ್ಟದೊಂದು ಕರೀ ಹೊಲಿಗೆ ಯಂತ್ರ, ಮೈಮೇಲೆ ಬಂಗಾರದ ಬಳ್ಳಿ. ಸಿಂಗರ್ 221, ಅಂದರೆ ಫೆದರ್‌ವೇಟ್. ನನ್ನ ಹೆಂಡತಿಯ ಕಣ್ಣು ಅದರ ಮೇಲೆ ನೆಟ್ಟಿದ್ದನ್ನು ಕಂಡಾಗಲೇ ನನ್ನ ನೌಕರಿಗೆ ಸಂಚಕಾರ ಬಂತೆಂದು ಗೊತ್ತಾಯಿತು.

ಆಮೇಲೆ ಊಟಕ್ಕೆ ಕೂತಾಗಲೆಲ್ಲ ಅದೇ ಪುರಾಣ. ಹೊರಬಂದದ್ದು 1933ರಲ್ಲಿ, ಶಿಕಾಗೋದ ವಿಶ್ವಮೇಳದ ಕಾಲಕ್ಕೆ. ಜಗತ್ತು ಆರ್ಥಿಕ ಮುಗ್ಗಟ್ಟಿನಲ್ಲಿ ಒದ್ದಾಡುತ್ತಿತ್ತು. ಅಲ್ಲಿಯವರೆಗೆ ಬೀಡುಕಬ್ಬಿಣದಲ್ಲಿ ಎರಕ ಹೊಯ್ಯುತ್ತಿದ್ದ ಯಂತ್ರದ ಮೈಯನ್ನು ಇದಕ್ಕೆ ಅಲ್ಯುಮಿನಿಯಂನಲ್ಲಿ ಮಾಡಿದರು. ತೂಕ 11 ಪೌಂಡು, ನಮ್ಮ ಲೆಕ್ಕದಲ್ಲಿ 5 ಕಿಲೋ. ಎಡಗಡೆಯ ಹಲಗೆಯನ್ನು ಮಡಚಿ ನಿಲ್ಲಿಸಿದರೆ ಪೆಟ್ಟಿಗೆಯಲ್ಲಿ ಕೂರುತ್ತದೆ, ಬಿಡಿಸಿದರೆ ಮೇಜಾಗುತ್ತದೆ. ನ್ಯೂಜೆರ್ಸಿಯ ಎಲಿಜಬೆತ್‌ನಲ್ಲೂ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲೂ ತಯಾರಾಗಿ 1960ರ ದಶಕದ ಕೊನೆಯವರೆಗೂ ಮಾರಾಟವಾಯಿತು. ಅದಕ್ಕೆ ಬರುವುದು ಒಂದೇ ಹೊಲಿಗೆ: ಮುಂದಕ್ಕೆ, ಬೇಕೆಂದರೆ ಹಿಂದಕ್ಕೆ. ಬಾತುಕೋಳಿ ಇಲ್ಲ.

“ಒಂದೇ ಹೊಲಿಗೆಗೆ ಇಷ್ಟು ದುಡ್ಡೇ?” ಎಂದೆ.

“ಆ ಒಂದನ್ನು ಸರಿಯಾಗಿ ಮಾಡುತ್ತದೆ” ಎಂದಳು. ಹೇಳುವಾಗ ನನ್ನತ್ತ ನೋಡುವ ಅಗತ್ಯವಿರಲಿಲ್ಲ. ನೋಡಿದಳು.

ಆಮೇಲೆ ಗಾಂಧೀಜಿಯನ್ನೂ ಕರೆತಂದಳು. 1924ರಲ್ಲಿ ಯಂತ್ರಗಳ ವಿಚಾರ ಮಾತಾಡುತ್ತ ಗಾಂಧೀಜಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. ಹೆಂಡತಿ ಕೈಯಲ್ಲಿ ಹೊಲಿದು ದಣಿಯುವುದನ್ನು ನೋಡಲಾರದೆ, ಅವಳ ಮೇಲಿನ ಪ್ರೀತಿಯಿಂದ ಸಿಂಗರ್ ಅದನ್ನು ಮಾಡಿದನೆಂದು ಹೊಗಳಿದ್ದರು. ನಾನು ಐಸಾಕ್ ಸಿಂಗರನ ಜೀವನ ಓದಿ ಉತ್ತರ ಸಿದ್ಧಮಾಡಿಕೊಂಡೆ. ಆ ಮಹಾನುಭಾವನಿಗೆ ಹಲವು ಸಂಸಾರಗಳಿಂದ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು. ಪತ್ನೀಪ್ರೇಮ ಸುಳ್ಳಲ್ಲ, ಬಹುವಚನದಲ್ಲಿತ್ತು ಅಷ್ಟೆ. ಈ ವಾದ ಮಂಡಿಸಿ ಗೆದ್ದೆನೆಂದು ಬೀಗುತ್ತಿರುವಾಗಲೇ ಬಾಗಿಲ ಗಂಟೆ ಸದ್ದಾಯಿತು. ಪಾರ್ಸೆಲ್.

ಪೆಟ್ಟಿಗೆ ತೆರೆದ ಕೂಡಲೇ ಎಪ್ಪತ್ತು ವರ್ಷದ ಮುಗ್ಗಲು ವಾಸನೆ ಮನೆಯೆಲ್ಲ ಹರಡಿತು. ಹಳೇ ಫೆದರ್‌ವೇಟ್ ಪೆಟ್ಟಿಗೆಗೆ ಈ ವಾಸನೆ ಕುಲಲಕ್ಷಣವಂತೆ. ಅಡುಗೆ ಸೋಡಾ, ಇದ್ದಿಲು, ಬಿಸಿಲು ಎಂದು ಬಾಣಂತಿಯ ಉಪಚಾರ ನಡೆಯಿತು. ನನ್ನ ಜಿಮ್ ಶೂಗಳನ್ನು ಮನೆಯೊಳಗೆ ಬಿಟ್ಟುಕೊಳ್ಳದವಳು ಆ ಪೆಟ್ಟಿಗೆಯನ್ನು ಮಲಗುವ ಕೋಣೆಯಲ್ಲಿಟ್ಟಳು.

ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವನು ನಾನು. ಹೊರುವ ಕೆಲಸ ಹೋದರೇನು, ರಿಪೇರಿ ಕೆಲಸವಾದರೂ ಸಿಕ್ಕೀತೆಂದು ಎಣ್ಣೆ ಡಬ್ಬಿ ಹಿಡಿದು ಹತ್ತಿರ ಹೋದೆ. “ಮುಟ್ಟಬೇಡಿ” ಎಂದಳು. ಮೋಟಾರಿನ ಎರಡು ಪುಟ್ಟ ನಳಿಗೆಗಳಿಗೆ ಗ್ರೀಸು, ಮಿಕ್ಕ ಕಡೆ ಹನಿ ಎಣ್ಣೆ. ಮೋಟಾರಿಗೆ ಎಣ್ಣೆ ಬಿಟ್ಟರೆ ಅದರ ಕಥೆ ಮುಗಿಯಿತು. ಸೂಜಿಯ ಚಪ್ಪಟೆ ಬದಿ ಎಡಕ್ಕೆ, ದಾರ ಬಲದಿಂದ ಎಡಕ್ಕೆ. ಇದಿಷ್ಟನ್ನೂ ಅವಳು ಪಾಠ ಒಪ್ಪಿಸಿ, ತಳಭಾಗ ಬಿಚ್ಚಿ, ಹಲ್ಲುಚಕ್ರಗಳಿಗೆ ಕಡ್ಡಿಯ ತುದಿಯಿಂದ ಗ್ರೀಸು ಹಚ್ಚಿದಳು. ನಾನು ಟಾರ್ಚು ಹಿಡಿದೆ. ಅದರಲ್ಲೇ ಒಂದು ಬಲ್ಬಿದೆ, ನೀವು ಹೋಗಬಹುದು ಎಂದಳು.

ಒಪ್ಪಿಕೊಳ್ಳಬೇಕಾದ ಮಾತೆಂದರೆ, ಅದು ಹೊಲಿದದ್ದನ್ನು ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಕ್ವಿಲ್ಟಿನವರಿಗೆ ಕಾಲಿಂಚಿನ ಅಂಚು ವೇದವಾಕ್ಯ. ಒಂದು ಹೊಲಿಗೆಯಲ್ಲಿ ಇಂಚಿನ ಹದಿನಾರನೇ ಒಂದು ಭಾಗ ತಪ್ಪಿದರೆ ಎರಡೂ ತುಂಡು ಸೇರಿ ಎಂಟನೇ ಒಂದು ಭಾಗ ಹೋಯಿತು. ಸಾಲಿನಲ್ಲಿ ಎಂಟು ಹೊಲಿಗೆ ಇದ್ದರೆ ಒಂದಿಂಚು ಮಾಯ, ನಕ್ಷತ್ರದ ಮೂಗು ಮೊಂಡು. ಬಾತುಕೋಳಿ ಯಂತ್ರದಲ್ಲಿ ಸೂಜಿ ಅತ್ತಿತ್ತ ಓಡಾಡಬೇಕೆಂದು ಕೆಳಗಿನ ತಟ್ಟೆಯ ಕಂಡಿ ಅಗಲ. ತ್ರಿಕೋನದ ಚೂಪು ಮೂಲೆಯನ್ನು ಅದು ಒಳಕ್ಕೆಳೆದು ಅಗಿದುಬಿಡುತ್ತಿತ್ತು. ಇದರ ಸೂಜಿಗೆ ಇರುವುದು ಒಂದು ಸಣ್ಣ ತೂತು, ಹೋಗಲು ಬೇರೆ ದಾರಿಯೇ ಇಲ್ಲ. ಹಾಗೆಂದು ಇದರಲ್ಲಿ ಎಲ್ಲವೂ ಆಗುತ್ತದೆನ್ನುವುದು ಭಕ್ತರ ಉತ್ಪ್ರೇಕ್ಷೆ. ತೋಳಿನಡಿಯ ಜಾಗ ಐದಿಂಚಿನ ಆಸುಪಾಸು. ಡಬಲ್ ಕಾಟಿನ ಕ್ವಿಲ್ಟನ್ನು ಹತ್ತಿ ಸಮೇತ ಅಲ್ಲಿ ತೂರಿಸುವುದು ದುಸ್ಸಾಹಸ. ತುಂಡು ಜೋಡಿಸುವುದು ಇದರಲ್ಲಿ, ಪದರ ಕೂಡಿಸಿ ಹೊಲಿಸುವುದು ದೊಡ್ಡ ಯಂತ್ರ ಇಟ್ಟುಕೊಂಡವರ ಹತ್ತಿರ, ದುಡ್ಡು ಕೊಟ್ಟು. ದುಡ್ಡಿನ ಭಾಗ ನನ್ನದು.

ಆ ಬೇಸಿಗೆಯಲ್ಲಿ ಅಮ್ಮ ಬಂದಳು. ಹೊಲಿದೇ ಹೊಲಿದ ಕೈ ಅದು. ಯಂತ್ರವನ್ನು ಮುಂದೆ ಹಿಂದೆ ನೋಡಿ, ಎತ್ತಿ ತೂಕ ನೋಡಿ, ಭಾಳ ಹಗೂರ ಐತಿ ಎಂದಳು. ನಾನು ಸಮಯ ನೋಡಿ, ಮೊದಲಿನದನ್ನು ನಾನೇ ಹೊರುತ್ತಿದ್ದೆನೆಂದೂ ಈಗ ನನ್ನನ್ನು ಕೇಳುವವರಿಲ್ಲವೆಂದೂ ದೂರು ಕೊಟ್ಟೆ. ಅಮ್ಮ ಕೈಯಲ್ಲಿದ್ದ ಸೂಜಿಗೆ ದಾರ ಪೋಣಿಸುತ್ತಲೇ, “ನಾವು ಕೌದಿ ಹೊಲಿಯೂಮುಂದ ಸೂಜಿ ಹೊರಾಕ ನಿಮ್ಮಪ್ಪನ್ನ ಕರದಿದ್ದಿಲ್ಲಪಾ” ಎಂದಳು. ಅತ್ತೆ ಸೊಸೆ ಇಬ್ಬರೂ ನಕ್ಕರು. ಹದಿನೈದು ವರ್ಷದ ದಾಂಪತ್ಯದಲ್ಲಿ ಅವರು ಕೂಡಿ ನಕ್ಕಿದ್ದನ್ನು ನಾನು ಬೇರೆ ಕಂಡಿಲ್ಲ.

ಆದರೆ ಫೆದರ್‌ವೇಟ್ ಭಕ್ತರು ಒಂದಕ್ಕೆ ನಿಲ್ಲುವವರಲ್ಲ. ಬಿಳಿಯದೊಂದು ಬಂತು. ತೋಳಿನಡಿ ಮೇಜು ಕಳಚಿ ಪ್ಯಾಂಟಿನ ಕಾಲನ್ನು ತೂರಿಸಬಹುದಾದ 222 ಬಂತು. ಅದರ ಬೆಲೆ ಬಾಯಿಬಿಟ್ಟು ಹೇಳುವಂಥದ್ದಲ್ಲ. ನಾನು ತಕರಾರು ಮಾಡಲಿಲ್ಲ. ನನ್ನ ಲೆಕ್ಕ ನನಗಿತ್ತು. ಐದು ಮೂರಲಿ ಹದಿನೈದು. ಮೂರು ದಿನದ ಹೊಲಿಗೆ ಶಿಬಿರವೊಂದಕ್ಕೆ ಮೂರನ್ನೂ ಒಯ್ಯುತ್ತೇನೆಂದಳು. ಮೂರೂ ಪೆಟ್ಟಿಗೆ, ಜೊತೆಗೆ ಬಟ್ಟೆಯ ಗಂಟು. ನಾನು ತೋಳು ಮಡಚಿ ಬಾಗಿಲಲ್ಲಿ ಸಿದ್ಧನಾಗಿ ನಿಂತೆ.

“ಅದಿರಲಿ, ಇದನ್ನು ಜೋಡಿಸಿಕೊಡಿ” ಎಂದು ಒಂದು ಚಪ್ಪಟೆ ರಟ್ಟಿನ ಡಬ್ಬಿ ಕೊಟ್ಟಳು. ನಾಲ್ಕು ಗಾಲಿಯ ಟ್ರಾಲಿ. ಚಿತ್ರ ನೋಡಿಕೊಂಡು, ಸ್ಪ್ಯಾನರ್ ಹಿಡಿದು, ಅರ್ಧ ದಿನ ನೆಲದಲ್ಲಿ ಕೂತು ಜೋಡಿಸಿದೆ. ಓಡಿಸಿ ನೋಡಿ, ಪರವಾಗಿಲ್ಲವೇ ಎಂದು ಮೆಚ್ಚಿದಳು. ಒಂದು ನಟ್ಟು ನನ್ನ ಜೇಬಿನಲ್ಲಿ ಉಳಿದಿದೆ. ದಾರಿಯಿಂದ ಫೋನು ಬಂದೀತೆಂದು ಎಲ್ಲಿಗೂ ಹೋಗದೆ ಕೂತಿದ್ದೇನೆ.